ಮೊದಲ ಗೀರು ಯಾವುದು?

ಮಳೆ ನಿಂತ ಮೇಲೆ ಹಸಿಮಣ್ಣಿನ ದಾರಿಯಲ್ಲಿ ಎತ್ತಿನ ಗಾಡಿ ಹೋಗಿ, ಅದರ ಹಿಂದೆಯೇ ಸೈಕಲ್ಲೊಂದು ಅಡ್ಡ ಹಾದಿದೆ ಎನ್ನಿ. ಎರಡು ಜಾಡುಗಳೂ ಕೂಡುವಲ್ಲಿ ಸೈಕಲ್ಲಿನ ಅಚ್ಚು ಇಡಿಯಾಗಿರುತ್ತದೆ, ಗಾಡಿಯದು ಕಡಿದುಹೋಗಿರುತ್ತದೆ. ಇಷ್ಟೇ ಸುಳಿವು ಹಿಡಿದು ಸುಮಾರು 75 ಸಾವಿರ ವರ್ಷಗಳ ಹಿಂದಿನ ಕೈಯೊಂದರ ಬೆನ್ನು ಹತ್ತಬಹುದು.

ದಕ್ಷಿಣ ಆಫ್ರಿಕಾದ ಕಡಲಂಚಿನ ಬ್ಲಾಂಬೋಸ್ ಗುಹೆಯಲ್ಲಿ ಪುರಾತತ್ವಜ್ಞ ಕ್ರಿಸ್ಟೋಫರ್ ಹೆನ್ಶಿಲ್‌ವುಡ್ ಅವರ ತಂಡಕ್ಕೆ ಸಿಕ್ಕಿದ ಕಾವಿಕಲ್ಲಿನ ತುಂಡೊಂದರ ವಿವರ 2002ರಲ್ಲಿ ಪ್ರಕಟವಾಯಿತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಗೀರುವ ಮುನ್ನವೇ ಅದರ ಮೈಯನ್ನು ಕೆರೆದು, ಉಜ್ಜಿ, ಚಪ್ಪಟೆ ಮಾಡಿಕೊಳ್ಳಲಾಗಿದೆ. ಓರೆಗೆರೆಗಳು ಒಂದನ್ನೊಂದು ದಾಟಿ ವಜ್ರಾಕೃತಿಗಳ ಸಾಲಾಗಿವೆ. ಮೇಲೊಂದು, ಕೆಳಗೊಂದು, ನಡುವೆ ಒಂದು ಅಡ್ಡಗೆರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ನಡುಗೆರೆ. ಬರಿಗಣ್ಣಿಗೆ ಅದು ಒಂದೇ ಗೆರೆ, ಸೂಕ್ಷ್ಮದರ್ಶಕದಡಿ ಮೂರು. ಎಡದಿಂದ ಬಂದ ಗೀರಿನ ಮೇಲೆ ನಡುವಿನ ಗೀರು ಏರಿದೆ, ಅದರ ಮೇಲೆ ಬಲದಿಂದ ಬಂದ ಉದ್ದನೆಯದು. ಅಂದರೆ ಗೀರಿದವರು ನಿಲ್ಲಿಸಿ, ಮತ್ತೆ ಮೊನೆಯೂರಿ, ಬಿಟ್ಟಲ್ಲಿಗೇ ಗೆರೆಯನ್ನು ಕೂಡಿಸಿದ್ದಾರೆ. ಹೆಸರೇ ಉಳಿಯದ ಒಬ್ಬರ ಎಚ್ಚರ ಇಷ್ಟು ಹತ್ತಿರದಿಂದ ಕಾಣುವುದು ನನಗೆ ಇಂದಿಗೂ ಬೆರಗು.

ಆದರೆ ಗೀರಿನ ಆಕಾರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಲ್ಲಿನ ಮೊನೆಯಲ್ಲಿ ಸಣ್ಣ ಸಣ್ಣ ಉಬ್ಬುಗಳಿರುತ್ತವೆ, ಅವು ಗೀರಿನ ತಳದಲ್ಲಿ ಕೂದಲೆಳೆಯಂಥ ಗುರುತು ಬಿಡುತ್ತವೆ. ಕೈ ತುಸು ವಾಲಿದರೆ ಇನ್ನೊಂದು ಉಬ್ಬೂ ತಾಗಿ ಒಂದೇ ಎಳೆತಕ್ಕೆ ಜೋಡಿಗೆರೆ ಮೂಡುತ್ತದೆ. ಬ್ಲಾಂಬೋಸ್ ಕಲ್ಲಿನಲ್ಲೂ ಅಂಥವು ಇವೆ. 1960ರ ದಶಕದಲ್ಲಿ ಸಂಶೋಧಕ ಅಲೆಕ್ಸಾಂಡರ್ ಮಾರ್ಶಾಕ್ ಅವರು ಯುರೋಪಿನ ಹಿಮಯುಗದ ಮೂಳೆಗಳ ಗುರುತುಗಳು ಬೇರೆ ಬೇರೆ ದಿನ, ಬೇರೆ ಬೇರೆ ಮೊನೆಗಳಿಂದ ಬಿದ್ದವು, ಚಂದ್ರನ ವೃದ್ಧಿಕ್ಷಯಗಳನ್ನು ಎಣಿಸಿಟ್ಟ ಲೆಕ್ಕ ಅದು ಎಂದು ವಾದಿಸಿದರು. ಪುರಾತತ್ವಜ್ಞ ಫ್ರಾನ್ಸೆಸ್ಕೊ ಡೆರಿಕೊ ಅವರು ತಾವೇ ಗೀರಿ ನೋಡಿದರು: ಒಂದೇ ಮೊನೆಯನ್ನು ತಿರುಗಿಸಿ ಹಿಡಿದರೂ ಗೀರು ಬೇರೆಯಂತೆ ತೋರುತ್ತದೆ. ಮಾರ್ಶಾಕ್ ಅವರ ಕಣ್ಣು ಚುರುಕು, ನಿಜ. ಆದರೂ ಇಲ್ಲಿ ನನ್ನ ಒಲವು ಗೀರಿ ನೋಡಿದವರ ಕಡೆಗೇ.

ಜಿಬ್ರಾಲ್ಟರ್‌ನ ಗೋರಮ್ ಗುಹೆಯ ಬಂಡೆಯಲ್ಲಿ ನಮ್ಮ ಹತ್ತಿರದ ಬಂಧುಗಳಾಗಿದ್ದು ಅಳಿದುಹೋದ ಮಾನವರಾದ ನಿಯಾಂಡರ್ತಾಲರು 39 ಸಾವಿರ ವರ್ಷಗಳಿಗೂ ಹಿಂದೆ ಕೊರೆದ ಅಡ್ಡಡ್ಡ ಗೆರೆಗಳನ್ನೂ ಹೀಗೆಯೇ ಪರೀಕ್ಷಿಸಲಾಯಿತು. ಅಂಥದ್ದೇ ಬಂಡೆಯಲ್ಲಿ ಅದೇ ಆಳದ ಗೆರೆಗಳನ್ನು ಕೊರೆಯಲು ಬೇಕಾದದ್ದು 188ರಿಂದ 317 ಎಳೆತಗಳು. ಕಲ್ಲಿನ ಮೇಲೆ ತೊಗಲು ಕೊಯ್ಯುವಾಗ ಕೈತಪ್ಪಿ ಬೀಳುವ ಗೀರು ಅಷ್ಟು ಆಳಕ್ಕೆ ಇಳಿಯುವುದಿಲ್ಲ.