ಅರ್ಧದಲ್ಲೇ ಎದ್ದು ಬಂದ ವಿಜ್ಞಾನಿ

1944ರ ಕ್ರಿಸ್‌ಮಸ್ ಹಿಂದಿನ ದಿನ ಭೌತವಿಜ್ಞಾನಿಯೊಬ್ಬರು ಅಮೆರಿಕ ಬಿಟ್ಟು ಇಂಗ್ಲೆಂಡಿನ ಹಡಗು ಹತ್ತಿದರು. ಹೆಸರು ಜೋಸೆಫ್ ರಾಟ್‌ಬ್ಲಾಟ್, ವಯಸ್ಸು 36. ಅಣುಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಮೋಸ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಬಾಂಬ್ ಇನ್ನೂ ಮುಗಿದಿರಲಿಲ್ಲ.

ಅವರು ಪೋಲೆಂಡಿನವರು, ಯಹೂದಿ. 1939ರ ಆರಂಭದಲ್ಲಿ, ವಾರ್ಸಾದಲ್ಲಿ, ಒಂದು ಪ್ರಯೋಗ ಮಾಡಿದ್ದರು. ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಹೊಸ ನ್ಯೂಟ್ರಾನ್‌ಗಳು ಹೊರಬರುತ್ತವೆ. ಅವು ಪಕ್ಕದ ಬೀಜಗಳನ್ನು ಒಡೆದರೆ? ಅಲ್ಲಿಂದ ಬಂದವು ಇನ್ನಷ್ಟನ್ನು ಒಡೆದರೆ? ಕಣ್ಣು ಮಿಟುಕಿಸುವುದರೊಳಗೆ ಭಾರೀ ಸ್ಫೋಟ. ಈ ಯೋಚನೆಯನ್ನು ತಲೆಯಿಂದ ಹೊರಗಿಡಲು ಅವರು ನೋಡಿದರು, ಆಗಲಿಲ್ಲ. ಹಿಟ್ಲರನ ವಿಜ್ಞಾನಿಗಳಿಗೂ ಇದು ಹೊಳೆದೇ ಹೊಳೆಯುತ್ತದೆ ಅಲ್ವಾ? ನಮ್ಮ ಹತ್ತಿರವೂ ಬಾಂಬ್ ಇದ್ದರೆ ಅವನು ತನ್ನದನ್ನು ಹಾಕಲು ಹೆದರುತ್ತಾನೆ. ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವರು ಈ ಕೆಲಸಕ್ಕೆ ಇಳಿದರು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಆಪರೇಷನ್ ಆಗಿದ್ದರಿಂದ ಅವರ ಜೊತೆ ಇಂಗ್ಲೆಂಡಿಗೆ ಹೊರಡಲಾಗದ ಹೆಂಡತಿ ಟೋಲಾ ಪೋಲೆಂಡಿನಲ್ಲೇ ಸಿಕ್ಕಿಹಾಕಿಕೊಂಡಿದ್ದರು. ನಾಜಿಗಳ ನರಮೇಧದಲ್ಲಿ ಅವರು ಸತ್ತರು. ಹಿಟ್ಲರನ ಭಯ ಈ ಮನುಷ್ಯನಿಗೆ ಬರೀ ವಾದವಾಗಿರಲಿಲ್ಲ.

1944ರ ಮಾರ್ಚ್‌ನಲ್ಲಿ, ಲಾಸ್ ಅಲಮೋಸ್‌ನಲ್ಲಿ, ಒಂದು ರಾತ್ರಿ ಊಟದ ಹೊತ್ತಿಗೆ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಒಂದು ಮಾತು ಹೇಳಿದರು: ಈ ಬಾಂಬಿನ ನಿಜವಾದ ಗುರಿ ರಷ್ಯಾವನ್ನು ಬಗ್ಗಿಸುವುದು. ಆಗ ರಷ್ಯಾ ಮಿತ್ರದೇಶ. ಹಿಟ್ಲರನ ವಿರುದ್ಧ ದಿನಾ ಸಾವಿರಾರು ರಷ್ಯನ್ನರು ಸಾಯುತ್ತಿದ್ದರು. ರಾಟ್‌ಬ್ಲಾಟ್ ಬೆಚ್ಚಿಬಿದ್ದರು. ವರ್ಷದ ಕೊನೆಗೆ ಇನ್ನೊಂದು ಸುದ್ದಿ ಬಂತು. ಜರ್ಮನಿ ಬಾಂಬ್ ಮಾಡುವ ಪ್ರಯತ್ನವನ್ನೇ ಕೈಬಿಟ್ಟಿದೆ! ಹಾಗಾದರೆ ನಾನಿಲ್ಲಿ ಯಾಕಿರಬೇಕು ಅಂದುಕೊಂಡರು. ಹೊರಟರು.

ಉಳಿದವರು ಯಾಕೆ ಹೊರಡಲಿಲ್ಲ? ರಾಟ್‌ಬ್ಲಾಟ್ ಮುಂದೆ ಇದರ ಬಗ್ಗೆ ಬರೆದರು. ಕೆಲವರಿಗೆ ತಮ್ಮ ಲೆಕ್ಕ ಸರಿಯೋ ಅಲ್ವೋ ನೋಡಿಬಿಡುವ ಕುತೂಹಲ. ಕೆಲವರಿಗೆ ಜಪಾನ್ ಯುದ್ಧ ಬೇಗ ಮುಗಿಯಲಿ ಎಂಬ ಆಸೆ. ಇನ್ನು ಕೆಲವರಿಗೆ ಮುಂದಿನ ಕೆಲಸದ ಚಿಂತೆ. ಜಾಸ್ತಿ ಜನ ಇದನ್ನೆಲ್ಲ ತಲೆಗೇ ಹಚ್ಚಿಕೊಂಡಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯವರು. ಅವರು ಕ್ರೂರಿಗಳಲ್ಲ. ಎದುರಿಗಿದ್ದ ಲೆಕ್ಕ ಅಷ್ಟು ಸೊಗಸಾಗಿತ್ತು, ಅಷ್ಟೇ. ಒಂದು ಕೆಲಸ ಶುರುಮಾಡುವಾಗ ನಾವೆಲ್ಲ ಕಾರಣ ಕೇಳಿಕೊಳ್ಳುತ್ತೇವೆ. ಆ ಕಾರಣ ಇನ್ನೂ ಉಳಿದಿದೆಯಾ ಅಂತ ನಡುವೆ ನಿಂತು ಕೇಳಿಕೊಳ್ಳುವವರು ಅಪರೂಪ.

ಬಿಟ್ಟು ಬರುವುದೂ ಸುಲಭವಾಗಿರಲಿಲ್ಲ. ಅವರ ಮೇಲೆ ಗೂಢಚಾರನೆಂಬ ಅನುಮಾನ ಬಂತು. ಹೊರಡುವ ಕಾರಣವನ್ನು ಸಹೋದ್ಯೋಗಿಗಳಿಗೆ ಹೇಳಬಾರದೆಂಬ ಷರತ್ತೂ ಬಿತ್ತು. ಅವರು ಸುಮ್ಮನಿದ್ದರು. ಹಿರೋಶಿಮಾದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದರು.

ಆಮೇಲೆ ಅವರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆ ಎಂಬುದರ ಅಧ್ಯಯನಕ್ಕೆ ತೊಡಗಿದರು. ಆ ತಿಳಿವಳಿಕೆ 1954ರಲ್ಲಿ ಕೆಲಸಕ್ಕೆ ಬಂತು. ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಜಪಾನಿನ ಮೀನುಗಾರಿಕೆ ದೋಣಿಯೊಂದರ 23 ಜನರ ಮೇಲೆ ವಿಕಿರಣದ ಬೂದಿ ಸುರಿದಿತ್ತು. ಜಪಾನಿನ ವಿಜ್ಞಾನಿಗಳು ಕೊಟ್ಟ ಅಂಕಿಅಂಶ ಹಿಡಿದು ರಾಟ್‌ಬ್ಲಾಟ್ ಲೆಕ್ಕ ಹಾಕಿದರು. ಹೈಡ್ರೋಜನ್ ಬೆಸೆದುಕೊಂಡಾಗ ಹೊಮ್ಮಿದ ವೇಗದ ನ್ಯೂಟ್ರಾನ್‌ಗಳು ಸುತ್ತಲಿದ್ದ ಯುರೇನಿಯಂ ಕವಚವನ್ನೂ ಒಡೆದಿದ್ದವು. ಅಷ್ಟೊಂದು ವಿಷ ಬಂದಿದ್ದು ಅಲ್ಲಿಂದ. ಸರ್ಕಾರಗಳು ಮುಚ್ಚಿಟ್ಟಿದ್ದನ್ನು ಅವರು 1955ರಲ್ಲಿ ಬಹಿರಂಗವಾಗಿ ಬರೆದರು. ಆ ಸಲ ಸುಮ್ಮನಿರಲಿಲ್ಲ.

ಅದೇ ವರ್ಷ, ಅಣ್ವಸ್ತ್ರಗಳ ಅಪಾಯದ ಬಗ್ಗೆ ಎಚ್ಚರಿಸಿದ, ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಐನ್‌ಸ್ಟೈನ್ ಹೆಸರಿನ ಪ್ರಣಾಳಿಕೆಗೆ ಸಹಿ ಹಾಕಿದ 11 ಜನರಲ್ಲಿ ಅವರೂ ಒಬ್ಬರು. ಅಮೆರಿಕ ಮತ್ತು ರಷ್ಯಾದ ಎರಡೂ ಬಣಗಳ ವಿಜ್ಞಾನಿಗಳನ್ನು ಒಂದೆಡೆ ಕೂರಿಸುವ ಸಭೆಯನ್ನು ಮೊದಲು ಭಾರತದಲ್ಲೇ ನಡೆಸುವ ಆಲೋಚನೆ ಇತ್ತು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ನಡೆದ ಬಿಕ್ಕಟ್ಟಿನಿಂದ ಅದು ತಪ್ಪಿತು. 1957ರಲ್ಲಿ ಕೆನಡಾದ ಪಗ್‌ವಾಶ್ ಎಂಬ ಪುಟ್ಟ ಊರಿನಲ್ಲಿ 22 ಜನ ಸೇರಿದರು. ಆ ಊರಿನ ಹೆಸರೇ ಅವರ ಸಂಘಟನೆಗೂ ಬಂತು.

1995ರಲ್ಲಿ ರಾಟ್‌ಬ್ಲಾಟ್ ಮತ್ತು ಪಗ್‌ವಾಶ್ ಸಂಘಟನೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಸ್ಲೋದಲ್ಲಿ ಮಾಡಿದ ಭಾಷಣದಲ್ಲಿ ಅವರು ಹಾನ್ಸ್ ಬೇಥೆಯ ಮನವಿಯೊಂದನ್ನು ಓದಿದರು. ಅಣ್ವಸ್ತ್ರ ತಯಾರಿಸುವ, ಸುಧಾರಿಸುವ ಕೆಲಸವನ್ನು ಎಲ್ಲ ದೇಶಗಳ ವಿಜ್ಞಾನಿಗಳೂ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಬೇಥೆ ಯುದ್ಧಕಾಲದ ಲಾಸ್ ಅಲಮೋಸ್‌ನಲ್ಲಿ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥರಾಗಿದ್ದವರು, ಬಾಂಬ್ ಮುಗಿಯುವವರೆಗೂ ಅಲ್ಲಿದ್ದವರು.