ಬಿಳಿ ಬಳಿದರೆ ಯಾರಿಗೆ ತಂಪು?

ಏಪ್ರಿಲ್ ಬಂತೆಂದರೆ ಫೋನು ಶುರು. "ಗೋಡೆಗೆ ಬಿಳಿ ಹೊಡೆಸಿದ್ದೇನೆ, ಆದರೂ ಎಲೆ ಸುಡ್ತಿದೆ." ಆದರೂ ಅಲ್ಲ ಸ್ವಾಮಿ, ಅದಕ್ಕೇ!

ಮುಂಬಯಿ ಕನ್ನಡಿಗರ ತಾರಸಿ, ಬಾಲ್ಕನಿಗಳಲ್ಲಿ ಬಸಳೆ, ಮಲ್ಲಿಗೆ, ಕರಿಬೇವು ಬೆಳೆಸಿಕೊಡುವುದು ನನ್ನ ಕಸುಬು. ಹೊಸ ಬಿಳಿ ಬಣ್ಣ ಮೈಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಗೋಡೆಗೆ ತಂಪು, ಅದರಾಚೆ ಮಲಗಿದ ನಿಮಗೂ ತಂಪು. ಎಸೆದ ಬಿಸಿಲು ಎಲ್ಲಿಗೆ ಹೋಯಿತು? ಗೋಡೆಯೆದುರು ನಿಂತ ಗಿಡದ ಮೇಲೆ. ನೆತ್ತಿಗೆ ಬಿಸಿಲು ಉಣ್ಣುತ್ತಿದ್ದ ಎಲೆಗೆ ಈಗ ಬೆನ್ನಿಗೂ ಬಿತ್ತು. ಕಪ್ಪು ಹಾಗಲ್ಲ, ಬಿಸಿಲನ್ನು ನುಂಗಿ ಕಾವು ಮಾಡಿ ತನಗೆ ತಾಗಿಕೊಂಡವರಿಗೆ ಹಂಚುತ್ತದೆ. ಗೋಡೆಯ ಬಣ್ಣ ಎಲೆಯ ವಿಚಾರ, ಕುಂಡದ ಬಣ್ಣ ಬೇರಿನ ವಿಚಾರ. ಎಷ್ಟು ಸಲ ಹೇಳಿದ್ದೇನೋ!

ಡೊಂಬಿವಲಿಯ ನಿವೃತ್ತ ಮೇಷ್ಟ್ರೊಬ್ಬರು ಮೇ ತಿಂಗಳಲ್ಲಿ ತಾರಸಿಯ ಅಡ್ಡಗೋಡೆಗೆಲ್ಲ ಬಿಳಿ ಹೊಡೆಸಿ, ಮಲ್ಲಿಗೆಯನ್ನು ಕಪ್ಪು ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟಿದ್ದರು. ಬಾಡಿತೆಂದು ದಿನಕ್ಕೆ ಮೂರು ಸಲ ನೀರು ಬೇರೆ. ಕುಂಡ ಬೋರಲು ಹಾಕಿ ಮಣ್ಣಿನ ಮುದ್ದೆ ಹೊರತೆಗೆದೆ. ಪೂರ್ವದ ಮಗ್ಗುಲಲ್ಲಿ ಬೇರಿನ ತುದಿ ಬೆಳ್ಳಗಿತ್ತು. ಪಶ್ಚಿಮದ ಮಗ್ಗುಲು ಬೆಂದ ಸೊಪ್ಪು. ಚಿವುಟಿದರೆ ಸಿಪ್ಪೆ ಜಾರಿ ಕೈಗೆ ಬಂತು. 40 ಡಿಗ್ರಿ ದಾಟಿದರೆ ಹೆಚ್ಚಿನ ಗಿಡಗಳ ಬೇರಿಗೆ ಕಷ್ಟ. ಬಿಸಿಲಲ್ಲಿ ನಿಂತ ಕಪ್ಪು ಕುಂಡದ ಅಂಚಿನ ಮಣ್ಣು ಅದನ್ನು ಸಲೀಸಾಗಿ ದಾಟುತ್ತದೆ. ಸತ್ತ ಬೇರಿಗೆ ನೀರು ಹೊಯ್ದರೆ ಕೊಳೆಯುತ್ತದೆ, ಅಷ್ಟೆ. ಕುಂಡಕ್ಕೆ ಗೋಂದು ಕಲಸಿದ ಸುಣ್ಣ ಬಳಿದು (ಮಣ್ಣಿಗೆ ತೊಟ್ಟಿಕ್ಕದ ಹಾಗೆ, ಸುಣ್ಣ ಹೆಚ್ಚಾದರೆ ಮಲ್ಲಿಗೆ ಎಲೆ ಹಳದಿಯಾಗುತ್ತದೆ) ಗೋಡೆಯಿಂದ ನಾಲ್ಕಡಿ ಈಚೆ ಇಟ್ಟೆವು.

ಶಿರಸಿಯ ನಮ್ಮ ತೋಟದಲ್ಲಿ ದೀಪಾವಳಿ ಮುಗಿಯುತ್ತಲೇ ಅಜ್ಜ ಅಂಚಿನ ಅಡಿಕೆ ಮರಗಳಿಗೆ ನೈಋತ್ಯದ ಕಡೆಗಷ್ಟೇ ಸುಣ್ಣ ಬಳಿಸುತ್ತಿದ್ದ. ಸೂರ್ಯ ದಕ್ಷಿಣಕ್ಕೆ ವಾಲಿದಾಗ ಕಾಂಡ ಸೀಳುವುದು ಅದೇ ಮಗ್ಗುಲಲ್ಲಿ. ಅಲ್ಲಿ ಎಸೆದ ಬಿಸಿಲು ಬಯಲಿಗೆ ಹೋಗುತ್ತಿತ್ತು, ಯಾರಿಗೂ ತೊಂದರೆಯಿಲ್ಲ. ಮುಂಬಯಿಯಲ್ಲೂ ಮೇ ನಡುವಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ; ಡಿಸೆಂಬರಿನಲ್ಲಿ 47-48 ಡಿಗ್ರಿಯಷ್ಟೇ ಏರುತ್ತಾನೆ. ದಕ್ಷಿಣದ ಬಾಲ್ಕನಿಯೊಳಗೆ ಬಿಸಿಲು ನುಗ್ಗುವುದು ಚಳಿಗಾಲದಲ್ಲಿ. ಅದಕ್ಕೇ ಜಾಗ ನೋಡದೆ ಫೋನಿನಲ್ಲಿ ಬಣ್ಣ ಹೇಳಲು ನನಗೆ ಧೈರ್ಯವಿಲ್ಲ.

ಬಿಳಿ ಗೋಡೆಯ ಮೇಲೆ ನನಗೇನೂ ದ್ವೇಷವಿಲ್ಲ. ಮಾಟುಂಗಾದ ಹಳೇ ಕಟ್ಟಡವೊಂದರ ಕೆಳಮಹಡಿಯಲ್ಲಿ ಬಸಳೆ ಬೆಳಕಿಗಾಗಿ ಕತ್ತು ಚಾಚಿ ಚಾಚಿ ದಾರದಷ್ಟು ಸಣ್ಣಗಾಗಿತ್ತು. ಎದುರಿನ ಕಾಂಪೌಂಡ್ ಗೋಡೆ ಹಾವಸೆ ಹಿಡಿದು ಕಪ್ಪಗಿತ್ತು. ಉಜ್ಜಿಸಿ, ಹೊಳಪಿಲ್ಲದ ಬಿಳಿ ಹೊಡೆಸಿದೆವು. ಆಮೇಲೆ ಚಿಗುರಿದ ಎಲೆ ಅಂಗೈ ಅಗಲ. ಗೋಡೆ ಸೊಸೈಟಿಯದು, ಒಪ್ಪಿಗೆಗೆ ಏಳು ತಿಂಗಳು ಹಿಡಿದಿತ್ತು. ಈ ಮಳೆಗಾಲದಲ್ಲಿ ಮತ್ತೆ ಹಾವಸೆ ಹತ್ತಿದೆ. ಮನೆಯಾಕೆ ಎರಡನೇ ಅರ್ಜಿ ಬರೆಯುತ್ತಿದ್ದಾರೆ.