ಬೇಡಿಕೆ ಯಾರ ಮೇಜಿಗೆ? ಗ್ರಾಮ ಪಂಚಾಯಿತಿ ಸದಸ್ಯರ ಒಕ್ಕೂಟದ ಕೆಲಸ: ಅಧ್ಯಯನ ಟಿಪ್ಪಣಿ

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಯಾವ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿದರೂ ದೂರು ಹೆಚ್ಚು ಕಡಿಮೆ ಒಂದೇ. ಕರೆಂಟ್ ಬಿಲ್ ಬಾಕಿ ಬೆಳೆದಿದೆ, ಅನುದಾನ ಬಂದರೂ ಬೇಕಾದ ಕೆಲಸಕ್ಕೆ ಹಾಕುವಂತಿಲ್ಲ, ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ತಡ, ಗೌರವಧನ ಸಾಲದು, ಅಧಿಕಾರಿಗಳು ಸಭೆಗೆ ಬರುವುದಿಲ್ಲ. ತಾಲ್ಲೂಕು ಒಕ್ಕೂಟ ಇಷ್ಟನ್ನೂ ಒಂದೇ ಮನವಿಪತ್ರಕ್ಕೆ ತುಂಬಿ, ಮಂತ್ರಿಗಳು ಪ್ರವಾಸಿ ಮಂದಿರಕ್ಕೆ ಬಂದ ದಿನ ಕೈಗಿಟ್ಟು, ಫೋಟೊ ತೆಗೆಸಿಕೊಂಡು ಬರುತ್ತದೆ. ಪತ್ರದ ಮೇಲೆ ‘ಪರಿಶೀಲಿಸಿ’ ಎಂಬ ಒಕ್ಕಣೆ ಬೀಳುತ್ತದೆ. ಇಪ್ಪತ್ತು ಬೇಡಿಕೆ ಇರುವ ಪತ್ರವನ್ನು ಯಾವ ಶಾಖೆಗೆ ಕಳಿಸಬೇಕೆಂದು ಗುಮಾಸ್ತರಿಗೂ ತೋಚದ ಕಾರಣ ಕಡತ ಅಲ್ಲೇ ಕೂರುತ್ತದೆ.

ಹೊಸದಾಗಿ ಆಯ್ಕೆಯಾದ ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿರುವವರು, ಒಕ್ಕೂಟದ ಪದಾಧಿಕಾರಿಗಳು ಮೊದಲು ಕಲಿಯಬೇಕಾದದ್ದು ಇದನ್ನೇ: ಯಾವ ಬೇಡಿಕೆಯನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ?

ನಾಲ್ಕು ಮೆಟ್ಟಿಲು

ಪಂಚಾಯಿತಿಯ ಅಧಿಕಾರಗಳು ನಾಲ್ಕು ಹಂತದಲ್ಲಿ ನಿಂತಿವೆ. ಮೇಲಿನದು ಸಂವಿಧಾನ. 1992ರ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, 243ರ ಸರಣಿಯ ವಿಧಿಗಳನ್ನೂ 29 ವಿಷಯಗಳ ಹನ್ನೊಂದನೇ ಅನುಸೂಚಿಯನ್ನೂ ಸೇರಿಸಿತು. ಅದರ ಕೆಳಗೆ 1993ರ ರಾಜ್ಯ ಕಾಯ್ದೆ. 2015ರ ತಿದ್ದುಪಡಿಯ ನಂತರ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಕಾಯ್ದೆಯ ಅಡಿಯಲ್ಲಿ ನಿಯಮಗಳು. ಕೊನೆಯಲ್ಲಿ ಸರ್ಕಾರಿ ಆದೇಶ ಮತ್ತು ಸುತ್ತೋಲೆ.

ಗೌರವಧನ ಹೆಚ್ಚಿಸಲು ಸರ್ಕಾರದ ಆದೇಶ, ಆರ್ಥಿಕ ಇಲಾಖೆಯ ಒಪ್ಪಿಗೆ ಸಾಕು. ಅದಕ್ಕಾಗಿ ಕಾಯ್ದೆ ತಿದ್ದುಪಡಿ ಕೇಳುವುದು ದಾರಿಯನ್ನು ಸುಮ್ಮನೆ ಉದ್ದ ಮಾಡಿಕೊಂಡಂತೆ. ತೆರಿಗೆ ಹಾಕುವ ಅಧಿಕಾರ ಕಾಯ್ದೆಯ 199ನೇ ಪ್ರಕರಣದಲ್ಲಿ (ಸೆಕ್ಷನ್) ಇದೆ. ಅದರ ಚೌಕಟ್ಟು ಬದಲಾಗಬೇಕಾದರೆ ವಿಧಾನಮಂಡಲಕ್ಕೇ ಹೋಗಬೇಕು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಮನವಿ ಕೊಟ್ಟು ಫಲವಿಲ್ಲ. ಇನ್ನು ಅಧಿಕಾರಿಗಳು ಸಭೆಗೆ ಬರುವುದಿಲ್ಲ ಎಂಬ ದೂರಿಗೆ ಹೊಸ ಆದೇಶವೇ ಬೇಡ. ಗ್ರಾಮ ಪಂಚಾಯಿತಿ ಮಟ್ಟದ ಕೆಡಿಪಿ ಸಭೆಗೆ (ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ) ಆದೇಶ ಈಗಾಗಲೇ ಇದೆ, ಪಾಲನೆ ಇಲ್ಲ ಅಷ್ಟೆ. ಯಾರು ಎಷ್ಟು ಸಭೆಗೆ ಗೈರು ಎಂಬ ಹಾಜರಿ ಪಟ್ಟಿಯ ನಕಲನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟರೆ ಅದು ಯಾವ ಭಾಷಣಕ್ಕಿಂತ ಜೋರಾಗಿ ಕೇಳಿಸುತ್ತದೆ.

ಆದ್ದರಿಂದ ಒಂದು ಬೇಡಿಕೆಗೆ ಒಂದು ಹಾಳೆ. ಮೇಲೆ ಯಾರಿಗೆ, ಯಾವ ಪ್ರಕರಣ ಅಥವಾ ಆದೇಶದ ಅಡಿ, ನಡುವೆ ಏನಾಗಿದೆ, ಎಷ್ಟು ಪಂಚಾಯಿತಿಗಳಲ್ಲಿ, ಕೆಳಗೆ ಏನಾಗಬೇಕು. ಹಿಂದೆ ಪಂಚಾಯಿತಿ ಸಭೆಗಳ ನಡಾವಳಿಗಳ ನಕಲು.

ಅನುದಾನ ಮತ್ತು ಸ್ವಂತ ವರಮಾನ

2021–26ರ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ, ಶೇ 40 ಅನಿರ್ಬಂಧಿತ. ನಿರ್ಬಂಧಿತ ಪಾಲಿನಲ್ಲಿ ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ, ಅರ್ಧ ನೈರ್ಮಲ್ಯಕ್ಕೆ. ಅಂದರೆ ಒಂದು ಪಂಚಾಯಿತಿಗೆ 40 ಲಕ್ಷ ಬಂತು ಎಂದುಕೊಂಡರೆ 24 ಲಕ್ಷಕ್ಕೆ ಬಾಗಿಲು ಮೊದಲೇ ಗುರುತಾಗಿದೆ. ಉಳಿದ 16 ಲಕ್ಷವನ್ನೂ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮುಟ್ಟುವಂತಿಲ್ಲ. ‘ಅನಿರ್ಬಂಧಿತ’ ಎಂಬ ಹೆಸರು ನೋಡಿ ಬಿಲ್ ಕಲೆಕ್ಟರ್, ವಾಟರ್‌ಮ್ಯಾನ್ ಸಂಬಳ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಿದ್ದು ವಸೂಲಿಗೆ ಬರುತ್ತದೆ.

ಈ ಶೇಕಡಾವಾರು ಹಂಚಿಕೆಯನ್ನು ಬದಲಿಸಲು ರಾಜ್ಯದ ಮಂತ್ರಿಗಳಿಗೂ ಆಗುವುದಿಲ್ಲ. ಅದನ್ನು ಕೇಳಬೇಕಾದ ಜಾಗ ಕೇಂದ್ರ ಹಣಕಾಸು ಆಯೋಗ, ಕೇಳಬೇಕಾದ ಹೊತ್ತು ಅದು ರಾಜ್ಯಗಳಿಗೆ ಭೇಟಿ ಕೊಡುವಾಗ. ರಾಜ್ಯ ತನ್ನ ಹಣದಲ್ಲಿ ಎಷ್ಟು ಕೊಡಬೇಕೆಂದು ಹೇಳುವುದು ರಾಜ್ಯ ಹಣಕಾಸು ಆಯೋಗ. 243ಐ ವಿಧಿಯ ಪ್ರಕಾರ ಐದು ವರ್ಷಕ್ಕೊಮ್ಮೆ ರಚಿಸಲೇಬೇಕು. ಕರ್ನಾಟಕದ ಐದನೇ ಆಯೋಗ ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾಯಿತು. ವರದಿಯ ಜೊತೆಗೆ ಸರ್ಕಾರ ಏನು ಕ್ರಮ ಕೈಗೊಂಡಿತೆಂಬ ವಿವರಣೆಯನ್ನೂ ವಿಧಾನಮಂಡಲದ ಮುಂದೆ ಇಡಬೇಕು. ಒಕ್ಕೂಟದವರು ಓದಬೇಕಾದದ್ದು ವರದಿಗಿಂತ ಹೆಚ್ಚಾಗಿ ಆ ವಿವರಣೆಯನ್ನು. ಯಾವ ಶಿಫಾರಸನ್ನು ಒಪ್ಪಲಿಲ್ಲ ಎಂಬುದು ಅಲ್ಲಿರುತ್ತದೆ.

ಸ್ವಂತ ವರಮಾನದ ವಿಷಯದಲ್ಲಿ ಒಂದು ಎಚ್ಚರ. ಮನೆ ಕಂದಾಯದ ಜೊತೆ ವಸೂಲಾಗುವ ಸೆಸ್‌ಗಳು ಪಂಚಾಯಿತಿಯವಲ್ಲ. 1,000 ರೂಪಾಯಿ ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ ಶೇ 6ರಂತೆ 60, ಭಿಕ್ಷುಕರ ಸೆಸ್ ಶೇ 3ರಂತೆ 30 ರೂಪಾಯಿ ಬಂದರೆ ಅದನ್ನು ಆಯಾ ಇಲಾಖೆಗೆ ಕಟ್ಟಬೇಕು. ಆರೋಗ್ಯ, ಶಿಕ್ಷಣ ಸೆಸ್‌ಗಳದ್ದೂ ಇದೇ ಕಥೆ. ತಿಂಗಳ ಖರ್ಚಿಗೆ ಸೆಸ್ ಹಣ ಬಳಸಿಕೊಂಡ ಪಂಚಾಯಿತಿ ‘ನಮಗೆ ತೆರಿಗೆ ಸಾಲದು’ ಎಂದು ವಾದಿಸಲು ಹೋದರೆ ಎದುರಿನವರು ಮೊದಲು ತೆಗೆಯುವ ಕಾಗದವೇ ಆ ಬಾಕಿ.

ಕರೆಂಟ್ ಬಿಲ್: ಲೆಕ್ಕ ಹಾಕಿ ವಾದಿಸುವ ಬಗೆ

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಕೊಡುವುದು ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಪಂಚಾಯಿತಿಗಳ ಬಾಕಿ ಎಂದಾಗ ‘ಮನ್ನಾ ಮಾಡಿ’ ಎಂಬುದೇ ಮೊದಲ ಬೇಡಿಕೆ. ಮನ್ನಾ ಆದರೂ ಬಿಲ್ ಹುಟ್ಟುವ ಮೂಲ ಹಾಗೇ ಇದ್ದರೆ ಕೆಲವೇ ವರ್ಷಗಳಲ್ಲಿ ಬಾಕಿ ಮತ್ತೆ ಏಳುತ್ತದೆ. ಮೊದಲು ಬಿಲ್ ಬಿಡಿಸಿ ನೋಡಬೇಕು.

ಪಂಚಾಯಿತಿಯ ಹೆಸರಿನಲ್ಲಿರುವ ಎಲ್ಲ ಆರ್.ಆರ್. ಸಂಖ್ಯೆಗಳ (ಪ್ರತಿ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಪಟ್ಟಿಯನ್ನು ಉಪ ವಿಭಾಗದ ಕಚೇರಿಯಿಂದ ಪಡೆದು, ವಾಟರ್‌ಮ್ಯಾನ್ ಜೊತೆ ಒಂದೊಂದನ್ನೂ ಸ್ಥಳದಲ್ಲಿ ಹೊಂದಿಸಬೇಕು. ಸಿಗುವ ತಪ್ಪುಗಳು ಹೆಚ್ಚಾಗಿ ಇವು: ಬೋರ್ ಬತ್ತಿ ಮೋಟಾರ್ ಎತ್ತಿದ ಮೇಲೂ ಸಂಪರ್ಕ ಕಡಿತಕ್ಕೆ ಅರ್ಜಿ ಕೊಡದೆ ನಿಗದಿತ ಶುಲ್ಕ ಬರುತ್ತಲೇ ಇರುವುದು, ಕೆಟ್ಟ ಮೀಟರಿಗೆ ಸರಾಸರಿ ಬಿಲ್, 10 ಎಚ್‌ಪಿ ಮೋಟಾರ್ ತೆಗೆದು 5 ಎಚ್‌ಪಿ ಇಳಿಸಿದರೂ ಮಂಜೂರಾದ ಲೋಡ್ ಹಳೆಯದೇ ಇರುವುದು, ಹಳೆ ಬಾಕಿಯ ಮೇಲೆ ಬಡ್ಡಿ, ಆ ಬಡ್ಡಿ ಸೇರಿದ ಮೊತ್ತವನ್ನೇ ಅಸಲು ಎಂದು ತೋರಿಸುವುದು.

ಸಂಖ್ಯೆಯಿಂದಲೇ ತಪ್ಪು ಹಿಡಿಯಬಹುದು. 7.5 ಎಚ್‌ಪಿ ಪಂಪು ನಷ್ಟವನ್ನೂ ಸೇರಿಸಿ ಗಂಟೆಗೆ ಸುಮಾರು 7 ಯೂನಿಟ್ ಎಳೆಯುತ್ತದೆ. ತಿಂಗಳಿಡೀ ಒಂದು ನಿಮಿಷ ನಿಲ್ಲದೆ ಓಡಿದರೂ 5,000 ಯೂನಿಟ್ ಆಸುಪಾಸು. ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಲು ಬೇರೆ ಕಾರಣವೇ ಬೇಡ.

ಬೀದಿದೀಪ ಪಂಚಾಯಿತಿಯದೇ ತಪ್ಪಾಗಿರುವ ಜಾಗ. 40 ವ್ಯಾಟಿನ 100 ದೀಪ ಎಂದರೆ 4 ಕಿಲೊವ್ಯಾಟ್. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ 48 ಯೂನಿಟ್, ತಿಂಗಳಿಗೆ 1,440. ಸ್ವಿಚ್ಚೇ ಇಲ್ಲದೆ ನೇರ ತಂತಿಗೆ ಕೊಟ್ಟಿದ್ದರೆ ಹಗಲೂ ಉರಿದು 2,880. ಟೈಮರ್ ಸ್ವಿಚ್ ಹಾಕಿಸದೆ ದರ ಹೆಚ್ಚಾಯಿತೆಂದು ಕೂಗಿದರೆ ಯಾರೂ ಕಿವಿಗೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಒಕ್ಕೂಟಕ್ಕೆ ಹೋಗಲು ಇನ್ನೊಂದು ಬಾಗಿಲಿದೆ: ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಕುಡಿಯುವ ನೀರು ಮತ್ತು ಬೀದಿದೀಪದ ದರ ನಿಗದಿಪಡಿಸುವುದು ಅದೇ. ಸೆಸ್ಕ್ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಗಡುವಿನೊಳಗೆ ಪ್ರಮಾಣಪತ್ರದ (ಅಫಿಡವಿಟ್) ಜೊತೆ ಆಕ್ಷೇಪಣೆ ಸಲ್ಲಿಸಿದವರು ಬಹಿರಂಗ ವಿಚಾರಣೆಯಲ್ಲಿ ಮಾತಾಡಬಹುದು. ಕೈಗಾರಿಕೆ ಸಂಘಗಳು, ರೈತ ಸಂಘಟನೆಗಳು ಈ ಬಾಗಿಲನ್ನು ಚೆನ್ನಾಗಿ ಬಳಸುತ್ತವೆ. ಪಂಚಾಯಿತಿ ಒಕ್ಕೂಟಗಳು ಧರಣಿ ಕೂರುವ ಬೆಂಗಳೂರಿನ ಫ್ರೀಡಂ ಪಾರ್ಕ್ ಕಡೆಗೆ ನೋಡಿದಷ್ಟು ಈ ಕಡೆ ನೋಡುವುದಿಲ್ಲ.

ಚುನಾವಣೆ ಮುಂದಕ್ಕೆ ಹೋದರೆ

243ಇ ವಿಧಿ ಹೇಳುವುದು ಎರಡು ಮಾತು: ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಐದು ವರ್ಷದ ಎಣಿಕೆ ಮತದಾನದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆದ ಪಂಚಾಯಿತಿಗಳ ಅವಧಿ ಒಂದೇ ದಿನ ಮುಗಿಯದಿರುವುದು ಇದಕ್ಕೇ.

ಸಂವಿಧಾನ ಇಷ್ಟು ಸ್ಪಷ್ಟವಿದ್ದರೂ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದು, ನಂತರ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಉಳಿದರು. ಕಾರಣ ಎರಡು. ಕ್ಷೇತ್ರ ಮರುವಿಂಗಡಣೆಯ ಕೆಲಸವನ್ನು 2021ರಲ್ಲಿ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟದ್ದು ಒಂದು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಅದೇ ವರ್ಷ ವಿಕಾಸ್ ಗವಳಿ ಪ್ರಕರಣದಲ್ಲಿ ಎತ್ತಿಹಿಡಿದ ಮೂರು ಹಂತದ ಪರೀಕ್ಷೆ ಇನ್ನೊಂದು: ಪ್ರತ್ಯೇಕ ಆಯೋಗದಿಂದ ಅಧ್ಯಯನ, ಪ್ರಮಾಣ ನಿಗದಿ, ಒಟ್ಟು ಮೀಸಲಾತಿ ಶೇ 50 ಮೀರದಿರುವುದು. ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಅವಧಿಯೂ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು.

ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಕೇಂದ್ರ ಹಣಕಾಸು ಆಯೋಗದ ಅನುದಾನ ನಿಲ್ಲುತ್ತದೆ. ಆದ್ದರಿಂದ ಅವಧಿ ಮುಗಿದ ಮೇಲೆ ಧರಣಿ ಕೂರುವುದಕ್ಕಿಂತ ಮುಗಿಯಲು ಎಂಟು–ಹತ್ತು ತಿಂಗಳಿರುವಾಗ ಮರುವಿಂಗಡಣೆ ಕರಡು ಬಂತೇ, ಮೀಸಲಾತಿ ಪಟ್ಟಿ ಬಂತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಹೈಕೋರ್ಟಿಗೆ ಹೋಗುವ ದಿನ ಆ ಉತ್ತರಗಳೇ ಆಧಾರ.

ಮೈಸೂರಿನ ಅಂಚಿನ ಪಂಚಾಯಿತಿಗಳು

ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಪಟ್ಟಣ ಪಂಚಾಯಿತಿ ಆಗಲು 10,000ಕ್ಕೆ ಕಡಿಮೆ ಇಲ್ಲದ ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಸಾಂದ್ರತೆ, ಶೇ 50ರಷ್ಟು ಕೃಷಿಯೇತರ ಉದ್ಯೋಗ ಇರಬೇಕು. ಕರಡು ಅಧಿಸೂಚನೆಗೆ ಆಕ್ಷೇಪಣೆ ಹಾಕುವವರು ಊರಿನ ಅಭಿಮಾನ ಬರೆದರೆ ಪ್ರಯೋಜನವಿಲ್ಲ. ಸೇರಿಸಲು ಹೊರಟ ಪ್ರತಿ ಹಳ್ಳಿಯ ಕೃಷಿ ಕುಟುಂಬಗಳ ಲೆಕ್ಕ ಕೊಡಬೇಕು. ಜೊತೆಗೆ, ಪಟ್ಟಣವಾದರೆ ಹಳ್ಳಿಯ ಕೈತಪ್ಪಿ ಹೋಗುವುದೇನು ಎಂಬುದೂ ಇರಲಿ: ಗ್ರಾಮೀಣ ಉದ್ಯೋಗ ಯೋಜನೆಯ ಕೂಲಿ, ಗ್ರಾಮ ಸಭೆ, ಹಳೆಯ ತೆರಿಗೆ ದರ. ಬಡಾವಣೆಗಳ ಹಸ್ತಾಂತರ ಇನ್ನೊಂದು ತಕರಾರು. ಒಳಚರಂಡಿ ಎಲ್ಲಿಗೂ ಸೇರದೆ ಕೆರೆಗೆ ಹರಿಯುವ ಖಾಸಗಿ ಬಡಾವಣೆಯನ್ನು ನಡಾವಳಿಯಿಲ್ಲದೆ ವಶಕ್ಕೆ ಪಡೆದರೆ ಮುಂದಿನ ಖರ್ಚೆಲ್ಲ ಪಂಚಾಯಿತಿ ತಲೆಗೆ.

ನಡಾವಳಿ ಬರೆಯುವಾಗ

‘ಸದರಿ ವಿಷಯವನ್ನು ಚರ್ಚಿಸಿ ಮುಂದಿನ ಕ್ರಮಕ್ಕೆ ತೀರ್ಮಾನಿಸಲಾಯಿತು’ ಎಂಬ ಸಾಲು ಎಷ್ಟು ಪುಸ್ತಕಗಳಲ್ಲಿ ಇಲ್ಲ! ಅದರಿಂದ ಏನೂ ಹುಟ್ಟುವುದಿಲ್ಲ. ಹೀಗೆ ಬರೆಯಬೇಕು:

‘ವಿಷಯ 4. ಗ್ರಾಮದ ಕೊಳವೆಬಾವಿ, ಆರ್.ಆರ್. ಸಂಖ್ಯೆ ಇಂಥದ್ದು, ಇಂಥ ತಿಂಗಳಿಂದ ಬತ್ತಿ ನಿಂತಿದ್ದರೂ ನಿಗದಿತ ಶುಲ್ಕ ಬರುತ್ತಿರುವುದನ್ನು ಸಭೆ ಪರಿಶೀಲಿಸಿತು. ಸಂಪರ್ಕ ಕಡಿತಕ್ಕೆ ಉಪ ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ ಏಳು ದಿನದೊಳಗೆ ಅರ್ಜಿ ಸಲ್ಲಿಸಿ, ಅಸಲು–ಬಡ್ಡಿ ಬೇರೆ ಬೇರೆ ತೋರಿಸಿದ ಲೆಕ್ಕಪಟ್ಟಿ ಪಡೆಯಲು ಪಿಡಿಒ ಅವರಿಗೆ ಸೂಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಯಾರು, ಯಾರಿಗೆ, ಯಾವಾಗ, ಏನು ಎಂಬ ನಾಲ್ಕೂ ಇದೆ. ಒಂದು ತಾಲ್ಲೂಕಿನ ಮೂವತ್ತು ಪಂಚಾಯಿತಿಗಳು ಇದೇ ಮಾದರಿಯಲ್ಲಿ, ತಮ್ಮ ತಮ್ಮ ಸಂಖ್ಯೆಗಳೊಂದಿಗೆ ತೀರ್ಮಾನಿಸಿದರೆ ಒಕ್ಕೂಟದ ಕೈಯಲ್ಲಿ ದತ್ತಾಂಶವೇ ಇರುತ್ತದೆ. ಒಂದೇ ಸಾಲನ್ನು ಮೂವತ್ತು ಕಡೆ ನಕಲು ಮಾಡಿಸಿದರೆ ಅದು ನಕಲೆಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಕಾನೂನಿಗೆ ಮೀರಿದ ನಡಾವಳಿಯನ್ನು 237ನೇ ಪ್ರಕರಣದಡಿ ತಡೆಹಿಡಿಯಬಹುದು ಎಂಬುದೂ ನೆನಪಿರಲಿ. ‘ಬಿಲ್ ಕಟ್ಟುವುದಿಲ್ಲ’ ಎಂಬ ವೀರಾವೇಶದ ತೀರ್ಮಾನ ಅಂಥದ್ದು.

ಒಕ್ಕೂಟದ ಬಲ ಎಲ್ಲಿದೆ

75 ಸ್ಥಾನಗಳ ವಿಧಾನ ಪರಿಷತ್ತಿನಲ್ಲಿ 25 ಸ್ಥಾನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಮಂಡ್ಯಕ್ಕೆ ಒಂದು, ಮೈಸೂರು–ಚಾಮರಾಜನಗರಕ್ಕೆ ಎರಡು. ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು. ಇಂಥ ಮತ ಕೈಯಲ್ಲಿದ್ದೂ ಅದನ್ನು ಆ ಒಂದು ಚುನಾವಣೆಯ ವಾರಕ್ಕೆ ಮಾತ್ರ ನೆನೆಯುವುದು ದಡ್ಡತನ. ಆಯ್ಕೆಯಾದವರಿಗೆ ಪ್ರತಿ ಅಧಿವೇಶನಕ್ಕೂ ಮೊದಲು ಎರಡೇ ಎರಡು ಪ್ರಶ್ನೆ ಬರೆದು ಕೊಡಿ. ಸದನದಲ್ಲಿ ಕೊಟ್ಟ ಲಿಖಿತ ಉತ್ತರ ಮುಂದೆ ಕಡತಕ್ಕೂ ಕೋರ್ಟಿಗೂ ಆಗುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಒಕ್ಕೂಟಕ್ಕೆ ಎಲ್ಲರ ಬಳಿಯೂ ಹೋಗುವ ಸ್ವಾತಂತ್ರ್ಯವಿದೆ. ಪದಾಧಿಕಾರಿಗಳು ಒಂದೇ ಪಕ್ಷದ ವೇದಿಕೆಯಲ್ಲಿ ಶಾಲು ಹೊದೆದ ದಿನ ಅದು ಹೋಗುತ್ತದೆ.

ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ನೋಂದಾಯಿಸಬಹುದು. ವಾರ್ಷಿಕ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ವರ್ಷ ವರ್ಷ ಸಲ್ಲಿಕೆಯಾಗಬೇಕು. ಚಂದಾ ಹಣ ಸದಸ್ಯರ ಸ್ವಂತ ಜೇಬಿನಿಂದಲೇ ಬರಲಿ. ಪಂಚಾಯಿತಿ ನಿಧಿ ಮುಟ್ಟಿದರೆ ಆಕ್ಷೇಪಣೆ ಖಚಿತ. ಬೈಲಾ ಬರೆಯುವಾಗ ಮಾಜಿ ಸದಸ್ಯರಿಗೆ ಮತವಿಲ್ಲದ ಸಲಹೆಗಾರರ ಸ್ಥಾನ ಇಡಿ. ಮೀಸಲಾತಿ ಸರದಿ ಬದಲಾಗುವ ಕಾರಣ ಪ್ರತಿ ಅವಧಿಗೂ ಹೆಚ್ಚಿನವರು ಹೊಸಬರು, ಐದು ವರ್ಷಕ್ಕೊಮ್ಮೆ ಕಲಿತದ್ದೆಲ್ಲ ಮನೆಗೆ ಹೋಗುತ್ತದೆ. ಬೇಡಿಕೆವಾರು ಕಡತ, ಅದರಲ್ಲಿ ಸ್ವೀಕೃತಿ ಮೊಹರಿನ ಪ್ರತಿಗಳು, ಕೊನೆಯ ಪತ್ರಕ್ಕೆ ಬಂದ ಉತ್ತರ ಮತ್ತು ಮುಂದಿನ ದಿನಾಂಕ: ಇಷ್ಟನ್ನು ಹೊಸ ಸಮಿತಿಗೆ ಸಹಿ ಪಡೆದು ಒಪ್ಪಿಸಬೇಕೆಂದು ಬೈಲಾದಲ್ಲೇ ಬರೆದಿಡಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಗೆ ಹೋಗುವ ಹೊಸಬರು ಆ ಕಡತಗಳನ್ನು ಒಮ್ಮೆ ಓದಿಕೊಂಡು ಹೋದರೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಕೈಯಲ್ಲೇ ಇರುತ್ತವೆ.